ದೊಡ್ಡ ಪರದೆಯ ಡೆಸ್ಕ್‌ಟಾಪ್‌ನಲ್ಲಿ ಟಚ್‌ಪ್ಯಾಡ್ ಸನ್ನೆಗಳು ಅತಿ ವೇಗವಾಗುತ್ತಿವೆ: ಸೂಕ್ಷ್ಮತೆಯನ್ನು ಎಲ್ಲಿ ತಗ್ಗಿಸಬೇಕು?

ಅಗಲಪರದೆ:

ಎಲ್ಲರಿಗೂ ನಮಸ್ಕಾರ. ಮಣಿಕಟ್ಟಿನ ನೋವಿನಿಂದಾಗಿ ಮೌಸ್ ಹಿಡಿಯುವುದು ನನಗೆ ಹಲವು ವರ್ಷಗಳಿಂದ ಸಾಧ್ಯವಾಗುತ್ತಿಲ್ಲ. ಲ್ಯಾಪ್‌ಟಾಪ್ ಬಳಸುತ್ತಿದ್ದಷ್ಟು ದಿನ ಅದರ ಟಚ್‌ಪ್ಯಾಡಿನಲ್ಲೇ ಎಲ್ಲ ಕೆಲಸ ಸಾಗುತ್ತಿತ್ತು. ಈಗ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಬಂದಿರುವುದರಿಂದ ಯುಎಸ್‌ಬಿ ಕೇಬಲ್‌ನಿಂದ ಜೋಡಿಸುವ ಪ್ರತ್ಯೇಕ ಟಚ್‌ಪ್ಯಾಡ್ ಒಂದನ್ನು ಕೀಬೋರ್ಡಿನ ಬಲಕ್ಕೆ ಇಟ್ಟುಕೊಂಡಿದ್ದೇನೆ. ಪರದೆ 34 ಇಂಚಿನದು, ಅಗಲ ಹೆಚ್ಚು. ಲಿನಕ್ಸ್, ವೇಲ್ಯಾಂಡ್ ಸೆಷನ್ (ಪರದೆಯನ್ನು ನಿರ್ವಹಿಸುವ ಹೊಸ ವ್ಯವಸ್ಥೆ; ಹಳೆಯದರ ಹೆಸರು ಎಕ್ಸ್).

ತೊಂದರೆ ಇಷ್ಟು: ಮೂರು ಬೆರಳನ್ನು ಪಕ್ಕಕ್ಕೆ ಸರಿಸಿದರೆ ಒಂದು ವರ್ಕ್‌ಸ್ಪೇಸ್ (ತೆರೆದ ಕಿಟಕಿಗಳ ಒಂದು ಗುಂಪನ್ನು ತೋರಿಸುವ ಪ್ರತ್ಯೇಕ ಪರದೆ) ಬದಲಾಗಬೇಕಾದ ಕಡೆ ಆಗಾಗ ಎರಡು ಬದಲಾಗುತ್ತವೆ. ಎರಡು ಬೆರಳನ್ನು ಹಿಗ್ಗಿಸಿದರೆ ಚಿತ್ರ ಒಮ್ಮೆಗೇ ಕಣ್ಣಿಗೆ ರಾಚುವಷ್ಟು ದೊಡ್ಡದಾಗುತ್ತದೆ. ಟೈಪ್ ಮಾಡುವಾಗ ಅಂಗೈ ತಾಗಿ ಕರ್ಸರ್ ಬೇರೆ ಸಾಲಿಗೆ ಹೋಗುತ್ತದೆ. ಸೆಟ್ಟಿಂಗ್ಸ್‌ನಲ್ಲಿರುವ ವೇಗದ ಸ್ಲೈಡರನ್ನು ಪೂರ್ತಿ ಎಡಕ್ಕೆ ಎಳೆದು ನೋಡಿದೆ. ಕರ್ಸರ್ ಆಮೆಯಂತಾಯಿತೇ ಹೊರತು ಸನ್ನೆಗಳಲ್ಲಿ ಏನೂ ಬದಲಾಗಲಿಲ್ಲ.

ಸುಮ್ಮನೆ ಅನಿಸಿಕೆಯಿಂದ ಹೇಳುವುದು ಬೇಡವೆಂದು ಟಚ್‌ಪ್ಯಾಡಿನ ಅಂಚಿಗೆ ಕಾಗದದ ಅಳತೆಪಟ್ಟಿ ಅಂಟಿಸಿ, ಹತ್ತು ಹತ್ತು ಬಾರಿ ನಿಧಾನವಾಗಿ ಸರಿಸಿ ನೋಡಿದೆ. ಒಂದು ವರ್ಕ್‌ಸ್ಪೇಸ್ ಪೂರ್ತಿ ಸರಿಯಲು ಹಳೆಯ ಲ್ಯಾಪ್‌ಟಾಪ್‌ನಲ್ಲಿ ಬೆರಳು ಸುಮಾರು 40 ಮಿ.ಮೀ. ಸಾಗಬೇಕಿತ್ತು, ಡೆಸ್ಕ್‌ಟಾಪ್‌ನಲ್ಲಿ 30 ಮಿ.ಮೀ. ಸಾಗಿದರೆ ಸಾಕು. ಎರಡರಲ್ಲೂ ಅದೇ ತಂತ್ರಾಂಶ, ಅದೇ ಆವೃತ್ತಿ. ಈ ವ್ಯತ್ಯಾಸ ಎಲ್ಲಿಂದ ಬಂತು? ಸನ್ನೆಯ ಸೂಕ್ಷ್ಮತೆಯನ್ನು ತಗ್ಗಿಸುವ ಜಾಗ ಯಾವುದು?

ಕರ್ನಲ್‌ಓದುಗ:

ಅಳೆದು ಬರೆದಿದ್ದಕ್ಕೆ ವಂದನೆಗಳು. ಇಂತಹ ಪ್ರಶ್ನೆಗಳಲ್ಲಿ ಹತ್ತಕ್ಕೆ ಒಂಬತ್ತು ‘ತುಂಬಾ ಸೂಕ್ಷ್ಮವಾಗಿದೆ’ ಎಂಬಲ್ಲಿಗೇ ನಿಂತುಬಿಡುತ್ತವೆ. ಆ ಒಂದು ಪದದೊಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿರುವುದರಿಂದ ಯಾರೂ ಸರಿಯಾದ ಉತ್ತರ ಕೊಡಲಾಗುವುದಿಲ್ಲ.

ಮೊದಲನೆಯದು, ಬೆರಳು ತಾಗಿದೆ ಎಂದು ಸಾಧನ ಯಾವಾಗ ಒಪ್ಪಿಕೊಳ್ಳುತ್ತದೆ ಎಂಬುದು. ಕೆಲವು ಟಚ್‌ಪ್ಯಾಡ್‌ಗಳು ಬೆರಳಿನ ಒತ್ತಡವನ್ನೂ ಕೆಲವು ಅದರ ಹರವನ್ನೂ ವರದಿ ಮಾಡುತ್ತವೆ. ಲಿಬ್‌ಇನ್‌ಪುಟ್ (ಲಿನಕ್ಸ್‌ನಲ್ಲಿ ಟಚ್‌ಪ್ಯಾಡ್, ಮೌಸ್‌ಗಳ ಸಂಕೇತಗಳನ್ನು ಅರ್ಥೈಸುವ ತಂತ್ರಾಂಶ) ಅವುಗಳಿಗೆ ಎರಡು ಹೊಸ್ತಿಲುಗಳನ್ನು ಇಟ್ಟುಕೊಂಡಿರುತ್ತದೆ: ಮೇಲಿನದನ್ನು ದಾಟಿದರೆ ಸ್ಪರ್ಶ ಶುರು, ಕೆಳಗಿನದಕ್ಕಿಂತ ಇಳಿದರೆ ಸ್ಪರ್ಶ ಮುಗಿಯಿತು. ಒಂದೇ ಹೊಸ್ತಿಲಿದ್ದಿದ್ದರೆ ಅದರ ಆಸುಪಾಸಿನಲ್ಲಿ ನಿಂತ ಹಗುರವಾದ ಬೆರಳು ಕ್ಷಣಕ್ಷಣಕ್ಕೂ ತಾಗಿ ಬಿಟ್ಟಂತೆ ಕಾಣುತ್ತಿತ್ತು.

ಎರಡನೆಯದು, ತಾಗಿದ ಬೆರಳುಗಳ ಚಲನೆಯನ್ನು ಸನ್ನೆ ಎಂದು ಯಾವಾಗ ಗುರುತಿಸುವುದು ಎಂಬುದು. ಮೂರನೆಯದು, ಗುರುತಿಸಿದ ಮೇಲೆ ಬೆರಳಿನ ಎಷ್ಟು ಚಲನೆಗೆ ಪರದೆಯ ಮೇಲೆ ಎಷ್ಟು ಚಲನೆ ಎಂಬುದು. ನಾಲ್ಕನೆಯದು, ಬೆರಳನ್ನು ಎತ್ತಿದಾಗ ಸನ್ನೆಯನ್ನು ಪೂರ್ಣಗೊಳಿಸಬೇಕೋ ಹಿಂದಕ್ಕೆ ಬಿಡಬೇಕೋ ಎಂಬ ತೀರ್ಮಾನ. ನಿಮ್ಮ ವರ್ಕ್‌ಸ್ಪೇಸ್ ತೊಂದರೆ ಮೂರನೆಯ ಮತ್ತು ನಾಲ್ಕನೆಯ ಹಂತದ್ದು. ಅಂಗೈ ತಾಗುವ ತೊಂದರೆಗೂ ಇದಕ್ಕೂ ಸಂಬಂಧವಿಲ್ಲ, ಅದಕ್ಕೆ ಕಡೆಯಲ್ಲಿ ಬರುತ್ತೇನೆ.

ಸ್ಲೈಡರ್ ಏಕೆ ಕೆಲಸ ಮಾಡಲಿಲ್ಲ ಎಂಬುದು ಸುಲಭ. ಪ್ರತಿ ಸನ್ನೆಯ ಜೊತೆಗೆ ಲಿಬ್‌ಇನ್‌ಪುಟ್ ಎರಡು ಬಗೆಯ ಅಂತರಗಳನ್ನು ಕೊಡುತ್ತದೆ. ಒಂದರಲ್ಲಿ ಕರ್ಸರಿನ ವೇಗವರ್ಧನೆ ಸೇರಿರುತ್ತದೆ, ಇನ್ನೊಂದರಲ್ಲಿ ಇಲ್ಲ. ವರ್ಧನೆ ಸೇರದ ಅಂತರವನ್ನು ಬಳಸುವ ಡೆಸ್ಕ್‌ಟಾಪ್ ಪರಿಸರದಲ್ಲಿ (ಕಿಟಕಿ, ವರ್ಕ್‌ಸ್ಪೇಸ್‌ಗಳನ್ನು ನೋಡಿಕೊಳ್ಳುವ ತಂತ್ರಾಂಶದಲ್ಲಿ) ಕರ್ಸರ್ ವೇಗವನ್ನು ಎಷ್ಟು ಬದಲಿಸಿದರೂ ಸ್ವೈಪ್‌ಗೆ ಅದರ ಸೋಂಕು ತಾಗುವುದಿಲ್ಲ. ಇದು ಒಳ್ಳೆಯ ನಿರ್ಧಾರವೇ. ಇಲ್ಲದಿದ್ದರೆ ಕರ್ಸರನ್ನು ಚುರುಕುಗೊಳಿಸಿದ ತಪ್ಪಿಗೆ ವರ್ಕ್‌ಸ್ಪೇಸ್‌ಗಳೂ ಹಾರುತ್ತಿದ್ದವು.

ಇನ್ನು 40 ಮತ್ತು 30. ಟಚ್‌ಪ್ಯಾಡ್ ತನ್ನ ಮೇಲ್ಮೈಯನ್ನು ಮಿಲಿಮೀಟರಿನಲ್ಲಿ ವರದಿ ಮಾಡುವುದಿಲ್ಲ. ತನ್ನದೇ ಸಂಖ್ಯೆಗಳಲ್ಲಿ ವರದಿ ಮಾಡಿ, ಒಂದು ಮಿಲಿಮೀಟರಿಗೆ ಇಂತಿಷ್ಟು ಸಂಖ್ಯೆ ಎಂದು ರೆಸಲ್ಯೂಶನ್ ತಿಳಿಸುತ್ತದೆ. ಆ ರೆಸಲ್ಯೂಶನ್ ತಪ್ಪಾಗಿದ್ದರೆ ಮೇಲಿನ ಎಲ್ಲ ಲೆಕ್ಕವೂ ತಪ್ಪುತ್ತದೆ. ಟಚ್‌ಪ್ಯಾಡಿನ ನಿಜವಾದ ಅಗಲ ಮತ್ತು ಎತ್ತರವನ್ನು ಅಳೆದು, ‘ಲಿಬ್‌ಇನ್‌ಪುಟ್ ಮೆಷರ್ ಟಚ್‌ಪ್ಯಾಡ್-ಸೈಜ್’ ಆಜ್ಞೆಗೆ ಆ ಅಳತೆ ಕೊಟ್ಟು ಚಲಾಯಿಸಿ. ಬೆರಳನ್ನು ನಾಲ್ಕೂ ಅಂಚುಗಳವರೆಗೆ ಒಯ್ಯಲು ಅದು ಕೇಳುತ್ತದೆ. ಕೊನೆಗೆ ಕರ್ನಲ್ (ಲಿನಕ್ಸ್‌ನ ತಿರುಳು) ನಂಬಿರುವ ಅಳತೆ ಮತ್ತು ನೀವು ಕೊಟ್ಟ ಅಳತೆ ಎರಡನ್ನೂ ತೋರಿಸಿ, ತಿದ್ದುಪಡಿಯ ಸಾಲುಗಳನ್ನೂ ಬರೆದುಕೊಡುತ್ತದೆ. ಎರಡು ಅಳತೆಗಳು ಹೊಂದುತ್ತವೆಯೇ ಎಂದು ತಿಳಿಸಿ.

ಹಳೇಸಾಲು:

ಕರ್ನಲ್‌ಓದುಗರ ವಿವರಣೆ ಸರಿಯಾಗಿದೆ. ಆದರೆ ಇಷ್ಟೆಲ್ಲ ಹಂತಗಳಿಗೆ ಒಂದೊಂದು ಸ್ಲೈಡರ್ ಕೊಡಬೇಕೆಂಬ ಬೇಡಿಕೆಯತ್ತ ಈ ಚರ್ಚೆ ಹೊರಳುವ ಮೊದಲೇ ನನ್ನ ಆಕ್ಷೇಪವನ್ನು ದಾಖಲಿಸುತ್ತೇನೆ.

ಎಕ್ಸ್ ಸರ್ವರ್ ಕಾಲದ ಸಿನಾಪ್ಟಿಕ್ಸ್ ಎಂಬ ಟಚ್‌ಪ್ಯಾಡ್ ಡ್ರೈವರನ್ನು ನಾನು ವರ್ಷಗಟ್ಟಲೆ ಬಳಸಿದ್ದೇನೆ. ಬೆರಳು ತಾಗಿದ್ದಕ್ಕೆ ಒಂದು ಮಿತಿ, ಎತ್ತಿದ್ದಕ್ಕೆ ಒಂದು ಮಿತಿ, ಅಂಗೈಯ ಅಗಲಕ್ಕೆ ಒಂದು, ಅಂಚಿನ ಸ್ಕ್ರಾಲ್‌ಗೆ ಇನ್ನೊಂದು ಎಂದು ಹತ್ತಾರು ಆಯ್ಕೆಗಳು ಅದರಲ್ಲಿದ್ದವು. ಒಬ್ಬರಿಗೆ ಸರಿಹೋದ ಸಾಲುಗಳನ್ನು ಇನ್ನೊಬ್ಬರು ನಕಲು ಮಾಡಿಕೊಳ್ಳುತ್ತಿದ್ದರು. ಸಾಧನ ಬೇರೆಯಾಗಿದ್ದರಿಂದ ಅಲ್ಲಿ ಅದು ಕೆಡುತ್ತಿತ್ತು. ದೋಷ ಡ್ರೈವರಿನದೋ ಬಳಕೆದಾರರು ಬದಲಿಸಿದ ಮೌಲ್ಯದ್ದೋ ಎಂದು ಕಂಡುಹಿಡಿಯುವುದೇ ದೊಡ್ಡ ಕೆಲಸವಾಗಿತ್ತು. ಲಿಬ್‌ಇನ್‌ಪುಟ್ 2015ರಲ್ಲಿ 1.0 ಆವೃತ್ತಿಗೆ ಬಂದು ಆ ಆಯ್ಕೆಗಳಲ್ಲಿ ಹೆಚ್ಚಿನವನ್ನು ಕೈಬಿಟ್ಟಿತು. ಸಾಧನಕ್ಕೆ ಸಂಬಂಧಿಸಿದ ಅಂಕಿಗಳು ಆ ಸಾಧನದ ಹೆಸರಿನಲ್ಲೇ ಒಂದು ಕಡತದಲ್ಲಿರಲಿ, ಒಬ್ಬರು ತಿದ್ದಿದರೆ ಅದೇ ಸಾಧನವಿರುವ ಎಲ್ಲರಿಗೂ ಸರಿಯಾಗಲಿ ಎಂಬ ಆ ಕ್ರಮವೇ ನನಗೆ ಮೆಚ್ಚುಗೆ. ಸ್ಲೈಡರ್ ಇದ್ದಿದ್ದರೆ ಅಗಲಪರದೆಯವರು ಅದನ್ನು ಎಳೆದು ಸುಮ್ಮನಾಗುತ್ತಿದ್ದರು. ರೆಸಲ್ಯೂಶನ್ ತಪ್ಪಿದ್ದರೆ ಅದು ಎಂದಿಗೂ ಬೆಳಕಿಗೆ ಬರುತ್ತಿರಲಿಲ್ಲ.

ನಿಧಾನಗೈ:

ಹಳೇಸಾಲು ಅವರ ಮಾತು ಮೊದಲ ಹಂತಕ್ಕೆ ಪೂರ್ತಿ ಒಪ್ಪುವಂಥದ್ದು. ಸಾಧನದ ಅಳತೆ ಸಾಧನದ ಗುಣ; ಅದನ್ನು ಬಳಸುವವರು ಊಹಿಸಬೇಕಾಗಿಲ್ಲ. ಆದರೆ ಮೂರು ಮತ್ತು ನಾಲ್ಕನೆಯ ಹಂತಗಳು ಸಾಧನದ ಗುಣವಲ್ಲ, ಕೈಯ ಗುಣ. ಕೈಗಳು ಒಂದೇ ರೀತಿ ಇರುವುದಿಲ್ಲ.

ನನ್ನ ಬೆರಳುಗಳು ನಡುಗುತ್ತವೆ. ಮೂರು ಬೆರಳನ್ನು ಇಡಲು ಹೋದರೆ ಮೂರೂ ಒಟ್ಟಿಗೆ ತಾಗುವುದಿಲ್ಲ. ತೋರುಬೆರಳು ಮತ್ತು ನಡುಬೆರಳು ಮೊದಲು ತಾಗಿ, ಉಂಗುರದ ಬೆರಳು ಅರೆಕ್ಷಣ ತಡವಾಗಿ ಬರುತ್ತದೆ. ಆ ಅರೆಕ್ಷಣದಲ್ಲಿ ಮೊದಲ ಎರಡು ಬೆರಳುಗಳ ನಡುಕವೇ ಸ್ಕ್ರಾಲ್ ಎಂದು ಎಣಿಕೆಯಾಗಿ ಓದುತ್ತಿದ್ದ ಪುಟ ಜಾರಿಹೋಗಿರುತ್ತದೆ. ಸನ್ನೆ ಶುರುವಾದ ಮೇಲೆ ದೂರದವರೆಗೆ ಎಳೆಯಲೂ ಆಗುವುದಿಲ್ಲ. ಅರ್ಧ ದಾರಿಯಲ್ಲಿ ಒಂದು ಬೆರಳು ಮೇಲೆದ್ದು ಸನ್ನೆ ರದ್ದಾಗುತ್ತದೆ. ಒಂದು ದಾಖಲೆಯಿಂದ ಇನ್ನೊಂದಕ್ಕೆ ಹೋಗಲು ನಾಲ್ಕು ಬಾರಿ ಪ್ರಯತ್ನಿಸಿ ಕೊನೆಗೆ ಕೀಬೋರ್ಡಿಗೆ ಮರಳಿದ ದಿನಗಳು ಬಹಳ ಇವೆ.

ನನಗೆ ಬೇಕಾದದ್ದನ್ನು ಗಮನಿಸಿ: ಸನ್ನೆ ತಡವಾಗಿ ಶುರುವಾಗಬೇಕು, ಆದರೆ ಬೇಗ ಮುಗಿಯಬೇಕು. ಶುರುವಿನ ಹೊಸ್ತಿಲು ಎತ್ತರವಾಗಬೇಕು, ಮುಗಿತಾಯದ ಹೊಸ್ತಿಲು ತಗ್ಗಬೇಕು. ‘ಸೂಕ್ಷ್ಮತೆ’ ಎಂಬ ಹೆಸರಿನಲ್ಲಿ ಒಂದೇ ಸ್ಲೈಡರ್ ಕೊಟ್ಟು ಎರಡನ್ನೂ ಒಂದೇ ದಿಕ್ಕಿಗೆ ಸರಿಸಿದರೆ ನನಗೆ ಒಂದು ಕಡೆ ಆದ ಉಪಕಾರ ಇನ್ನೊಂದು ಕಡೆ ಅಳಿದುಹೋಗುತ್ತದೆ. ಆದ್ದರಿಂದ ನಾನು ಕೇಳುವುದು ಹತ್ತಾರು ಆಯ್ಕೆಗಳನ್ನಲ್ಲ. ಎರಡೇ ಎರಡು, ಸ್ಪಷ್ಟ ಹೆಸರಿನೊಂದಿಗೆ: ‘ಸನ್ನೆ ಶುರುವಾಗಲು ಬೆರಳು ಸಾಗಬೇಕಾದ ದೂರ’ ಮತ್ತು ‘ಸನ್ನೆ ನೆರವೇರಲು ಬೆರಳು ಸಾಗಬೇಕಾದ ದೂರ’. ಎರಡೂ ಮಿಲಿಮೀಟರಿನಲ್ಲಿ.

ಸದ್ಯಕ್ಕೆ ನಾನು ಎಕ್ಸ್ ಸೆಷನ್ನಿನಲ್ಲಿ ಟಚ್‌ಎಗ್ ಎಂಬ ಸನ್ನೆ ತಂತ್ರಾಂಶ ಬಳಸುತ್ತಿದ್ದೇನೆ. ಸನ್ನೆಯ ಶೇಕಡಾ ಎಷ್ಟು ಪೂರ್ಣವಾದರೆ ಕೆಲಸ ನೆರವೇರಬೇಕು ಎಂಬ ಮೌಲ್ಯವನ್ನು ಅದರ ಸೆಟ್ಟಿಂಗ್ ಫೈಲಿನಲ್ಲಿ ಬದಲಿಸಬಹುದು. ಅದು 20 ಇತ್ತು, ನಾನು 12ಕ್ಕೆ ಇಳಿಸಿದೆ. ಮುಗಿತಾಯದ ಭಾಗ ಅಂದಿನಿಂದ ಸುಧಾರಿಸಿದೆ. ಶುರುವಿನ ಭಾಗ ಹಾಗೆಯೇ ಇದೆ.

ಕರ್ನಲ್‌ಓದುಗ:

ನಿಧಾನಗೈ ಅವರೇ, ನಿಮ್ಮ ಮಾತಿನಿಂದ ನನ್ನ ನಾಲ್ಕು ಹಂತಗಳ ವಿಂಗಡಣೆಗೆ ನಿಜವಾದ ಅರ್ಥ ಬಂತು. ನಾನು ಅದನ್ನು ದೋಷ ಹುಡುಕುವ ದಾರಿಯೆಂದು ಮಾತ್ರ ನೋಡುತ್ತಿದ್ದೆ.

ನೀವು ಕೇಳುವ ಎರಡೂ ಅಂಕಿಗಳು ಕಾರ್ಯಕ್ರಮಗಳ ಒಳಗೆ ಈಗಾಗಲೇ ಇವೆ, ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. ಉದಾಹರಣೆಗೆ ಗ್ನೋಮ್ ಎಂಬ ಡೆಸ್ಕ್‌ಟಾಪ್ ಪರಿಸರದ ಸ್ವೈಪ್ ಕೋಡಿನಲ್ಲಿ ಬೆರಳುಗಳು 16 ಘಟಕಗಳಷ್ಟು ಸಾಗುವವರೆಗೆ ದಿಕ್ಕು ತೀರ್ಮಾನವಾಗುವುದಿಲ್ಲ. ಅದನ್ನು ದಾಟಿದ ಮೇಲೆ ಸನ್ನೆ ಅಡ್ಡವೋ ಉದ್ದವೋ ಎಂಬುದು ಗಟ್ಟಿಯಾಗುತ್ತದೆ. ಪೂರ್ಣ ಸನ್ನೆಯ ದೂರವೆಂದು ಅಡ್ಡಕ್ಕೆ 400, ಉದ್ದಕ್ಕೆ 300 ಘಟಕಗಳನ್ನು ಇಟ್ಟುಕೊಳ್ಳಲಾಗಿದೆ. ಇವು ಕೋಡಿನೊಳಗಿನ ಸ್ಥಿರಾಂಕಗಳು, ಸೆಟ್ಟಿಂಗ್ಸ್‌ನಲ್ಲಿ ಕಾಣಿಸುವುದಿಲ್ಲ. ಹೈಪರ್‌ಲ್ಯಾಂಡ್ ಎಂಬ ಇನ್ನೊಂದು ಪರಿಸರ ಇಂಥವನ್ನು ಸೆಟ್ಟಿಂಗ್ ಆಗಿ ಹೊರಗಿಟ್ಟಿದೆ: ಸ್ವೈಪ್ ದೂರಕ್ಕೆ ಡಿಫಾಲ್ಟ್ 300, ಎಷ್ಟು ಭಾಗಕ್ಕಿಂತ ಕಡಿಮೆಯಾದರೆ ರದ್ದು ಎಂಬುದಕ್ಕೆ 0.5, ಇಷ್ಟು ವೇಗವಿದ್ದರೆ ದೂರ ಕಡಿಮೆಯಿದ್ದರೂ ನೆರವೇರಿಸು ಎಂಬುದಕ್ಕೆ 30. ಹೀಗೆ ಮೂರು ಬೇರೆ ಬೇರೆ ಹೆಸರುಗಳಿರುವುದರಿಂದ ಯಾವುದನ್ನು ಬದಲಿಸಿದರೆ ಏನಾಗುತ್ತದೆ ಎಂಬುದು ಹೆಸರಿನಿಂದಲೇ ತಿಳಿಯುತ್ತದೆ.

ಬೆರಳನ್ನು ಹಿಂಬಾಲಿಸುವ ಸನ್ನೆಗಳು ಲಿನಕ್ಸ್ ಡೆಸ್ಕ್‌ಟಾಪಿಗೆ ತೀರ ಹಳೆಯವಲ್ಲ. ಗ್ನೋಮ್ 40ರಲ್ಲಿ, ಅಂದರೆ 2021ರಲ್ಲಿ, ಮೂರು ಬೆರಳಿನ ಅಡ್ಡ ಸ್ವೈಪ್ ಬಂತು, ಪ್ಲಾಸ್ಮಾ ಎಂಬ ಮತ್ತೊಂದು ಪರಿಸರದ 5.25ರಲ್ಲಿ, 2022ರಲ್ಲಿ, ವೇಲ್ಯಾಂಡ್ ಸೆಷನ್ನಿಗೆ ಬೆರಳಿನ ಜೊತೆಜೊತೆಗೇ ಸಾಗುವ ಸನ್ನೆಗಳು ಬಂದವು. ಅದಕ್ಕೂ ಮೊದಲು ಸ್ವೈಪ್ ಎಂದರೆ ಹೆಚ್ಚಾಗಿ ಶಾರ್ಟ್‌ಕಟ್ ಕೀ ಒತ್ತಿದಂತೆ, ಆದರೆ ಆಯಿತು ಇಲ್ಲದಿದ್ದರೆ ಇಲ್ಲ. ಜೊತೆಜೊತೆಗೆ ಸಾಗತೊಡಗಿದ ಮೇಲೆಯೇ ಮೂರನೆಯ ಹಂತ ಜನರ ಕಣ್ಣಿಗೆ ಬಿದ್ದಿದೆ.

ಕಿಟಕಿಬದಿ:

ನಾನು ವಿಂಡೋಸ್ ಬಳಸುವವನು. ಅಲ್ಲಿ ಟಚ್‌ಪ್ಯಾಡ್ ಪುಟದಲ್ಲಿ ‘ಸೂಕ್ಷ್ಮತೆ’ ಎಂಬ ಹೆಸರಿನಲ್ಲೇ ನಾಲ್ಕು ಮಟ್ಟಗಳಿವೆ. ಅದನ್ನು ಅತಿ ಕಡಿಮೆಗೆ ಇಳಿಸಿದರೂ ನನ್ನ ಮೂರು ಬೆರಳಿನ ಸನ್ನೆಯಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಇದೇಕೆ?

ಕರ್ನಲ್‌ಓದುಗ:

ಆ ಆಯ್ಕೆ ಸನ್ನೆಯ ದೂರಕ್ಕೆ ಸಂಬಂಧಿಸಿದ್ದಲ್ಲ. ವಿಂಡೋಸ್ ‘ಪ್ರಿಸಿಷನ್’ ಎಂದು ಕರೆಯುವ ಬಗೆಯ ಟಚ್‌ಪ್ಯಾಡ್‌ಗಳಲ್ಲಿ ಅದು ಆಕಸ್ಮಿಕ ಸ್ಪರ್ಶವನ್ನು ತಡೆಯುವ ವ್ಯವಸ್ಥೆಯ ಬಿಗಿತವನ್ನು ಬದಲಿಸುತ್ತದೆ: ಟೈಪ್ ಮಾಡುತ್ತಿರುವಾಗ ತಾಗಿದ್ದನ್ನು ಎಷ್ಟು ಕಟ್ಟುನಿಟ್ಟಾಗಿ ಕಡೆಗಣಿಸಬೇಕು ಎಂಬುದಷ್ಟೇ. ಟೈಪ್ ಮಾಡುವಾಗ ಕರ್ಸರ್ ಹಾರುತ್ತಿದ್ದರೆ ಅದನ್ನು ಇಳಿಸಿ. ಟೈಪ್ ಮಾಡಿದ ಕೂಡಲೇ ಟ್ಯಾಪ್ ಕೆಲಸ ಮಾಡುತ್ತಿಲ್ಲವೆಂದರೆ ಏರಿಸಿ. ಹೆಸರು ಒಂದನ್ನು ಹೇಳಿ ಕೆಲಸ ಇನ್ನೊಂದನ್ನು ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ. ಮ್ಯಾಕ್‌ನಲ್ಲಿ ಟ್ರ್ಯಾಕಿಂಗ್ ವೇಗ ಬೇರೆ, ಕ್ಲಿಕ್ಕಿಗೆ ಬೇಕಾದ ಒತ್ತಡದ ಮೂರು ಮಟ್ಟಗಳು ಬೇರೆ ಎಂದು ಹೆಸರಿಸಿರುವುದು ಈ ಮಟ್ಟಿಗೆ ಹೆಚ್ಚು ಸ್ಪಷ್ಟ.

ಅಗಲಪರದೆ:

ಅಳತೆ ಮುಗಿಸಿದೆ. ನನ್ನ ಟಚ್‌ಪ್ಯಾಡಿನ ಮೇಲ್ಮೈ 120 ಮಿ.ಮೀ. ಅಗಲ, 75 ಮಿ.ಮೀ. ಎತ್ತರ. ಕರ್ನಲ್ ನಂಬಿರುವುದು 160 ಮತ್ತು 100. ಎರಡು ಬಾರಿ ಚಲಾಯಿಸಿದರೂ ಅದೇ ಉತ್ತರ ಬಂತು.

ಈಗ ಲೆಕ್ಕ ಕೂಡಿಬಂತು: ನನ್ನ ಬೆರಳು 30 ಮಿ.ಮೀ. ಸಾಗಿದಾಗ ವ್ಯವಸ್ಥೆ ಅದನ್ನು 40 ಎಂದು ಎಣಿಸುತ್ತಿತ್ತು. ಆಜ್ಞೆ ಬರೆದುಕೊಟ್ಟ ಸಾಲುಗಳನ್ನು, ಲಿನಕ್ಸ್‌ನಲ್ಲಿ ಸಾಧನಗಳನ್ನು ಗುರುತಿಸುವ ಯುಡೆವ್‌ನ ಹಾರ್ಡ್‌ವೇರ್ ಡೇಟಾಬೇಸಿಗೆ ಒಂದು ಸ್ಥಳೀಯ ಕಡತವಾಗಿ ಸೇರಿಸಿ, ಡೇಟಾಬೇಸನ್ನು ನವೀಕರಿಸಿ, ಕಂಪ್ಯೂಟರನ್ನು ಮತ್ತೆ ಶುರುಮಾಡಿದೆ. ಅಳತೆಪಟ್ಟಿಯಲ್ಲಿ ಈಗ ಸರಿಯಾಗಿ 40 ತೋರುತ್ತಿದೆ, ಲ್ಯಾಪ್‌ಟಾಪ್‌ನಷ್ಟೇ. ಎರಡು ವರ್ಕ್‌ಸ್ಪೇಸ್ ದಾಟುವುದು ಬಹಳಷ್ಟು ಕಡಿಮೆಯಾಗಿದೆ.

ಆದರೂ ನೋಡಲು ಇನ್ನೂ ರಭಸವೆನಿಸುತ್ತದೆ. ಸಂಖ್ಯೆ ಒಂದೇ ಆದ ಮೇಲೂ ಹೀಗೇಕೆ ಅನಿಸಬೇಕು?

ಮೂರುಬೆರಳು:

ಇದಕ್ಕೆ ಉತ್ತರ ಪರದೆಯಲ್ಲಿದೆ, ಟಚ್‌ಪ್ಯಾಡಿನಲ್ಲಿಲ್ಲ. ನಿಮ್ಮ ಲ್ಯಾಪ್‌ಟಾಪ್ 14 ಇಂಚಿನದೆಂದು ಇಟ್ಟುಕೊಂಡರೆ ಅದರ ಪರದೆಯ ಅಗಲ ಸುಮಾರು 31 ಸೆಂ.ಮೀ. ಬೆರಳು 4 ಸೆಂ.ಮೀ. ಸಾಗಿದರೆ ಚಿತ್ರ 31 ಸೆಂ.ಮೀ. ಸಾಗುತ್ತದೆ, ಅಂದರೆ ಎಂಟು ಪಟ್ಟಿಗೆ ಸ್ವಲ್ಪ ಕಡಿಮೆ. 34 ಇಂಚಿನ ಅಗಲಪರದೆ ಸುಮಾರು 80 ಸೆಂ.ಮೀ.; ಅದೇ 4 ಸೆಂ.ಮೀ. ಬೆರಳಿನ ಚಲನೆಗೆ ಚಿತ್ರ ಇಪ್ಪತ್ತು ಪಟ್ಟು ಸಾಗುತ್ತದೆ. ತಿದ್ದುವ ಮೊದಲು 3 ಸೆಂ.ಮೀ.ಗೇ 80 ಸೆಂ.ಮೀ. ಸಾಗುತ್ತಿತ್ತು, ಅಂದರೆ 26 ಪಟ್ಟಿಗೂ ಹೆಚ್ಚು. ಕಣ್ಣು ನೋಡುವುದು ಈ ಪಟ್ಟನ್ನು. ಸನ್ನೆಯ ದೂರವನ್ನು ಪರದೆಯ ಅಗಲಕ್ಕೆ ತಾಳೆ ಹಾಕದೆ ಒಂದೇ ಸಂಖ್ಯೆಯಾಗಿ ಇಟ್ಟಿರುವಲ್ಲೆಲ್ಲ ದೊಡ್ಡ ಪರದೆಯವರಿಗೆ ಹೀಗೆಯೇ ಅನಿಸುತ್ತದೆ.

ಇನ್ನೊಂದು ವಿಷಯ ವೇಗದ್ದು. ಬೆರಳನ್ನು ಎತ್ತುವ ಹೊತ್ತಿಗೆ ಅದು ಎಷ್ಟು ರಭಸದಲ್ಲಿತ್ತೆಂದು ನೋಡಿ, ಆ ರಭಸದಲ್ಲಿ ಚಿತ್ರ ಎಲ್ಲಿಯವರೆಗೆ ಜಾರುತ್ತಿತ್ತೆಂದು ಊಹಿಸಿ, ಅದಕ್ಕೆ ಹತ್ತಿರದ ವರ್ಕ್‌ಸ್ಪೇಸನ್ನು ಆರಿಸುವುದು ವಾಡಿಕೆ. ಗ್ನೋಮ್‌ನಲ್ಲಿ ಈ ಲೆಕ್ಕಕ್ಕೆ ಕೊನೆಯ 150 ಮಿಲಿಸೆಕೆಂಡಿನ ಚಲನೆಯನ್ನಷ್ಟೇ ಪರಿಗಣಿಸುತ್ತಾರೆ. ಹಾಗಾಗಿ ಬೇಕಾದ ಕಡೆ ತಲುಪಿದ ಮೇಲೆ ಬೆರಳುಗಳನ್ನು ಕಣ್ಣು ಮಿಟುಕಿಸುವಷ್ಟು ಹೊತ್ತು ನಿಲ್ಲಿಸಿ ಆಮೇಲೆ ಎತ್ತಿದರೆ ರಭಸ ಸೊನ್ನೆಯಾಗುತ್ತದೆ, ಹತ್ತಿರದ ವರ್ಕ್‌ಸ್ಪೇಸಿಗೇ ನಿಲ್ಲುತ್ತದೆ. ಎರಡು ದಿನ ಅಭ್ಯಾಸ ಮಾಡಿದರೆ ಕೈಗೆ ಬರುತ್ತದೆ.

ಹಳೇಸಾಲು:

ಪರದೆಯ ಅಗಲದ ಲೆಕ್ಕ ನನ್ನ ಅಭಿಪ್ರಾಯವನ್ನು ಸ್ವಲ್ಪ ಬದಲಿಸಿದೆ ಎಂದು ಒಪ್ಪಿಕೊಳ್ಳುತ್ತೇನೆ. ಟಚ್‌ಪ್ಯಾಡಿನ ಅಳತೆಯನ್ನು ಸಾಧನದ ಕಡತ ಹೇಳಬಲ್ಲದು. ಅದರ ಎದುರಿಗೆ ಯಾವ ಪರದೆ ಇದೆ, ಅದರ ಹಿಂದೆ ಯಾವ ಕೈ ಇದೆ ಎಂದು ಹೇಳಲಾರದು. ಆದ್ದರಿಂದ ನಿಧಾನಗೈ ಅವರು ಕೇಳಿದ ಎರಡು ಆಯ್ಕೆಗಳು ಡ್ರೈವರಿನಲ್ಲಲ್ಲ, ಡೆಸ್ಕ್‌ಟಾಪ್ ಪರಿಸರದಲ್ಲಿ ಇರಲಿ. ನಮೂದಿಸುವ ಸಂಖ್ಯೆ ಮಿಲಿಮೀಟರಿನಲ್ಲೇ ಇರಬೇಕೆಂಬುದಕ್ಕೆ ನನ್ನ ಪೂರ್ಣ ಬೆಂಬಲವಿದೆ. ‘400 ಘಟಕ’ ಎಂದರೆ ಯಾರಿಗೂ ತಿಳಿಯದು; ‘60 ಮಿ.ಮೀ.’ ಎಂದರೆ ಅಳತೆಪಟ್ಟಿ ಇಟ್ಟು ಯಾರು ಬೇಕಾದರೂ ಪರೀಕ್ಷಿಸಬಹುದು, ದೋಷವಿದ್ದರೆ ನಿಖರವಾಗಿ ವರದಿ ಮಾಡಬಹುದು.

ಕರ್ನಲ್‌ಓದುಗ:

ಅಂಗೈಯ ವಿಷಯ ಬಾಕಿಯಿತ್ತು. ಟೈಪ್ ಮಾಡುವಾಗ ಟಚ್‌ಪ್ಯಾಡನ್ನು ತಡೆಹಿಡಿಯುವ ವ್ಯವಸ್ಥೆ ಲಿಬ್‌ಇನ್‌ಪುಟ್‌ನಲ್ಲಿ ಡಿಫಾಲ್ಟ್ ಆಗಿಯೇ ಚಾಲೂ ಇರುತ್ತದೆ. ಆದರೆ ಅದು ಕೀಬೋರ್ಡ್ ಮತ್ತು ಟಚ್‌ಪ್ಯಾಡ್‌ಗಳನ್ನು ಜೋಡಿಯಾಗಿ ನೋಡುತ್ತದೆ. ಲ್ಯಾಪ್‌ಟಾಪಿನ ಒಳಗಿನ ಎರಡನ್ನು ಜೋಡಿಸುತ್ತದೆ. ಹೊರಗಿನಿಂದ ಜೋಡಿಸಿದ ಟಚ್‌ಪ್ಯಾಡಾದರೆ ಒಂದೇ ಸಾಧನದ ಭಾಗವಾಗಿರುವ ಕೀಬೋರ್ಡಿಗೆ ಮಾತ್ರ ಜೋಡಿಸುತ್ತದೆ. ಬೇರೆ ಟಚ್‌ಪ್ಯಾಡ್, ಬೇರೆ ಕೀಬೋರ್ಡ್ ಇಟ್ಟುಕೊಂಡವರಿಗೆ ಆ ರಕ್ಷಣೆ ಸಿಗುವುದೇ ಇಲ್ಲ. ಬಾಹ್ಯ ಟಚ್‌ಪ್ಯಾಡ್ ಸಾಮಾನ್ಯವಾಗಿ ಅಂಗೈಯ ಕೆಳಗೆ ಇರುವುದಿಲ್ಲವಾದ್ದರಿಂದ ಹೀಗೆ ಮಾಡಿರುವುದು ಸಮಂಜಸ. ಟಚ್‌ಪ್ಯಾಡನ್ನು ಕೀಬೋರ್ಡಿನಿಂದ ಒಂದು ಅಂಗೈಯಷ್ಟು ಬಲಕ್ಕೆ ಸರಿಸಿ ನೋಡಿ. ಸೆಟ್ಟಿಂಗ್ ಹುಡುಕುವುದಕ್ಕಿಂತ ಅದು ಬೇಗ ಫಲ ಕೊಡುತ್ತದೆ.

ಹಿಗ್ಗಿಸುವ ಸನ್ನೆಯ ವಿಷಯವೂ ಇದೆ. ಅದು ದೂರವನ್ನಲ್ಲ, ಅನುಪಾತವನ್ನು ಬಳಸುತ್ತದೆ: ಸನ್ನೆ ಶುರುವಾದಾಗ ಬೆರಳುಗಳ ನಡುವೆ ಇದ್ದ ಅಂತರವನ್ನು 1 ಎಂದಿಟ್ಟುಕೊಂಡು, ಈಗಿನ ಅಂತರ ಅದರ ಎಷ್ಟು ಪಟ್ಟು ಎಂದು ತಿಳಿಸುತ್ತದೆ. ಎರಡೂ ದಿಕ್ಕಿನಲ್ಲಿ ಒಂದೇ ಪ್ರಮಾಣದ ತಪ್ಪಿದ್ದ ನಿಮ್ಮ ರೆಸಲ್ಯೂಶನ್ ಈ ಭಾಗಾಕಾರದಲ್ಲಿ ಹೊಡೆದುಹೋಗುತ್ತದೆ. ಹಾಗಾಗಿ ತಿದ್ದುಪಡಿಯಿಂದ ಇಲ್ಲಿ ಏನೂ ಬದಲಾಗಿರಲಾರದು. ಬೆರಳುಗಳನ್ನು 20 ಮಿ.ಮೀ. ಅಂತರದಲ್ಲಿಟ್ಟು 40ಕ್ಕೆ ಹಿಗ್ಗಿಸಿದರೆ ಚಿತ್ರ ಎರಡು ಪಟ್ಟಾಗುತ್ತದೆ. 50ರಲ್ಲಿಟ್ಟು 70ಕ್ಕೆ ಹಿಗ್ಗಿಸಿದರೆ, ಬೆರಳು ಸಾಗಿದ್ದು ಅಷ್ಟೇ ಆದರೂ, 1.4 ಪಟ್ಟು ಮಾತ್ರ. ಬೆರಳುಗಳನ್ನು ಮೊದಲೇ ಅಗಲವಾಗಿ ಇಟ್ಟು ಶುರುಮಾಡಿ.

ಅಗಲಪರದೆ:

ಒಂದು ವಾರ ಬಳಸಿ ನೋಡಿ ಬರೆಯುತ್ತಿದ್ದೇನೆ. ನನ್ನ ಪರಿಸರದ ಸೆಟ್ಟಿಂಗ್ ಫೈಲಿನಲ್ಲಿ ಸ್ವೈಪ್ ದೂರ 300 ಇತ್ತು, 450 ಮಾಡಿದೆ. ಅಳತೆಪಟ್ಟಿಯಲ್ಲಿ ಈಗ 60 ಮಿ.ಮೀ. ಆಗಿದೆ, ಪಟ್ಟು ಸುಮಾರು 13. ಇದನ್ನೂ ಮೀರಿ 600ಕ್ಕೆ ಏರಿಸಿದಾಗ 80 ಮಿ.ಮೀ. ಎಳೆಯಬೇಕಾಗಿ ಮಣಿಕಟ್ಟು ನೋಯತೊಡಗಿತು, ಆದ್ದರಿಂದ ಹಿಂದಕ್ಕೆ ಬಂದೆ. ದೂರ ಹೆಚ್ಚಿದ್ದನ್ನು ಸರಿದೂಗಿಸಲು ರದ್ದಾಗುವ ಭಾಗವನ್ನು 0.5ರಿಂದ 0.35ಕ್ಕೆ ಇಳಿಸಿದ್ದೇನೆ; ನಿಧಾನಗೈ ಅವರ ಬರಹ ಓದದಿದ್ದರೆ ಒಂದನ್ನು ಏರಿಸಿ ಇನ್ನೊಂದನ್ನು ಇಳಿಸಬಹುದೆಂದು ನನಗೆ ಹೊಳೆಯುತ್ತಿರಲಿಲ್ಲ. ಈಗ 21 ಮಿ.ಮೀ. ಸರಿಸಿ ಬಿಟ್ಟರೂ ವರ್ಕ್‌ಸ್ಪೇಸ್ ಬದಲಾಗುತ್ತದೆ, ಆದರೆ ಎರಡನೆಯದಕ್ಕೆ ಹಾರುವುದಿಲ್ಲ.

ಟಚ್‌ಪ್ಯಾಡನ್ನು ಬಲಕ್ಕೆ ಸರಿಸಿದ್ದೇನೆ. ಚಿತ್ರ ಹಿಗ್ಗಿಸುವಾಗ ಹೆಬ್ಬೆರಳು ಮತ್ತು ತೋರುಬೆರಳನ್ನು ಐದು ಸೆಂ.ಮೀ. ಬಿಟ್ಟು ಇಡುತ್ತಿದ್ದೇನೆ, ಇನ್ನೂ ಕೆಲವೊಮ್ಮೆ ಮರೆಯುತ್ತದೆ. ರೆಸಲ್ಯೂಶನ್ ತಿದ್ದುಪಡಿಯ ಸಾಲುಗಳನ್ನು, ಸಾಧನದ ಗುರುತು ಮತ್ತು ಎರಡೂ ಬಾರಿಯ ಅಳತೆಯ ದಾಖಲೆಯೊಂದಿಗೆ, ಇಂದು ಬೆಳಿಗ್ಗೆ ಡೇಟಾಬೇಸ್ ನೋಡಿಕೊಳ್ಳುವವರಿಗೆ ಕಳುಹಿಸಿದ್ದೇನೆ.